ಗುರುಬಾಯಿ ಬರೆಸಿದ ವಯಸ್ಸು

ಮೂರು ವರ್ಷ ನಾನು ಗುರುಬಾಯಿಯವರ ಮುಖ ನೋಡಿರಲಿಲ್ಲ. ನೋಡಿದ್ದು ಅವರ ಬಲಗೈ ಮಾತ್ರ. ಮಣಿಕಟ್ಟಿನಲ್ಲಿ ಹಸಿರು ಬಳೆ, ಹೆಬ್ಬೆರಳಿನ ಬುಡದಲ್ಲಿ ರೊಟ್ಟಿ ಹಂಚು ತಾಗಿದ ಹಳೆಯ ಗುರುತು. ಆ ಕೈ ನನ್ನ ಕಂಪ್ಯೂಟರಿನ ಪರದೆಯ ಅಂಚಿನಿಂದ ಒಳಗೆ ಬರುತ್ತಿತ್ತು. ರೋಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುತ್ತಿತ್ತು, ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸುತ್ತಿತ್ತು, ನಾನು ಹೇಳಿದಲ್ಲಿ ಹೊಟ್ಟೆ ಒತ್ತುತ್ತಿತ್ತು.

ನಾನು ಕೂರುವುದು ಜೇವರ್ಗಿಯ ಒಂದು ಚಿಕ್ಕ ಕೋಣೆಯಲ್ಲಿ, ಹೆದ್ದಾರಿಯ ಲಾರಿ ಹಾರ್ನುಗಳ ನಡುವೆ. ಅವರು ಇಜೇರಿ ದಾಟಿ ಒಳಗೆ ಹೋಗಬೇಕಾದ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದ ನರ್ಸ್. ನೆಗಡಿ, ಜ್ವರ, ತುರಿಕೆ, ಮಂಡಿನೋವು, ಹೊಟ್ಟೆ ಉರಿ ಎಂದು ಬಂದವರನ್ನು ಅವರು ಟ್ಯಾಬ್ ಮುಂದೆ ಕೂರಿಸುವರು. ನಾನು ಇಲ್ಲಿಂದ ನೋಡಿ ಔಷಧ ಹೇಳುವೆ. ಆ ಕೈಯನ್ನೂ ಅದರ ಹಿಂದಿನ ದನಿಯನ್ನೂ ನಂಬಿ ಎಷ್ಟು ಜನರಿಗೆ ಮಾತ್ರೆ ಬರೆದೆನೋ ಲೆಕ್ಕವಿಲ್ಲ. ಒಬ್ಬ ಹೆಂಗಸಿನ ವಿಷಯದಲ್ಲಿ ಮಾತ್ರ ನಂಬಬಾರದಿತ್ತು. ಅದು ಈಗ ನನ್ನನ್ನು ಕೂತಲ್ಲಿ ಕೂರಗೊಡುವುದಿಲ್ಲ.

ಗುರುಬಾಯಿಯವರ ದೊಡ್ಡ ಹಟವೆಂದರೆ ವಯಸ್ಸು. ನಮ್ಮ ಕಡೆ ಹಿರಿಯರನ್ನು ವಯಸ್ಸು ಕೇಳಿದರೆ ಬಾಯಿಗೆ ಬಂದದ್ದು ಹೇಳುತ್ತಾರೆ. ನಾನೋ ಹೇಳಿದ್ದನ್ನು ಬರೆದುಕೊಂಡು ಮುಂದೆ ಹೋಗುವವನು. ಅವರು ಬಿಡುತ್ತಿರಲಿಲ್ಲ.

"ಸಾಹೇಬ್ರ, ಎಂಬತ್ತು ಅಂತ ಬರ್ಕೋಬ್ಯಾಡ್ರಿ. ಈ ಮುದುಕ ಸುಳ್ಳು ಹೇಳಾಕತ್ತಾನ. ಊರಿಗೆ ಲೈಟ್ ಬಂದಾಗ ಇವಗ ಮದುವ್ಯಾಗಿ ಒಂದ ವರ್ಷ ಆಗಿತ್ತು. ನಾ ಆಗ ಸಾಲ್ಯಾಗ ಎರಡನೇತ್ತ ಕಲೀತಿದ್ದೆ. ತಡೀರಿ... ಅರವತ್ತೆಂಟು. ಅರವತ್ತೆಂಟು ಬರ್ಕೋರಿ."

"ಯಾಕಬೇ ನರ್ಸಬಾಯಿ, ನನ್ನ ವಯಸ್ಸು ನನಗಿಂತ ನಿನಗ ಹೆಚ್ಚ ಗೊತ್ತೇನು?" ಎಂದು ಮುದುಕ ರೇಗುತ್ತಿದ್ದ.

"ಗೊತ್ತದ. ಸುಮ್ನ ನಾಲಿಗಿ ತೋರ್ಸು."

ಒಬ್ಬರ ಮದುವೆ, ಇನ್ನೊಬ್ಬರ ಬಾಣಂತನ, ಭೀಮಾ ನದಿಗೆ ದೊಡ್ಡ ನೀರು ಬಂದದ್ದು, ಶಾಲೆಗೆ ಹೆಂಚು ಹೊದಿಸಿದ್ದು, ಎಲ್ಲ ಅವರ ತಲೆಯಲ್ಲಿ ಸಾಲಾಗಿದ್ದವು. ಯಾರನ್ನಾದರೂ ತಂದು ಆ ಸಾಲಿನಲ್ಲಿ ನಿಲ್ಲಿಸಿ ವಯಸ್ಸು ಹೇಳಿಬಿಡುವರು. ನನಗೋ ಕಾಲಿನಲ್ಲಿ ಇರುವೆ ಹರಿದ ಹಾಗೆ. ಪರದೆಯ ಎಡಕ್ಕೆ ಕಾಯುವವರ ಹೆಸರು ಒಂದೊಂದೇ ಏರುತ್ತಿರುತ್ತಿತ್ತು.

"ಅಕ್ಕಾರ, ಎರಡು ವರ್ಷ ಆಕಡೆ ಈಕಡೆ ಆದ್ರ ಏನಾಗ್ತದ? ಜಲ್ದಿ ಮುಗಸ್ರಿ," ಎಂದೆ ಒಂದು ದಿನ.

"ನಿಮ್ಮ ಊರು ಯಾವುದ್ರಿ ಸಾಹೇಬ್ರ?"

"ಆಳಂದ ತಾಲೂಕು, ಭೂಸನೂರ."

"ಅದಕ! ಸಕ್ಕರಿ ಕಾರಖಾನಿ ಸೀಟಿ ಕೇಳಿ ಬೆಳದೀರಿ. ಸೀಟಿ ಊದಿದ್ರ ಇವನ ಪಾಳಿ ಮುಗೀತು, ಮುಂದಿನಾಂವ ಬಾ ಅಂತೀರಿ. ಇಲ್ಲಿ ಸೀಟಿ ಇಲ್ರಿ. ಇನ್ನೊಂದ ಸಲ ಕೇಳ್ರಿ ಈಕಿನ, ಕೆಮ್ಮು ಎಷ್ಟ ದಿನದ್ದು ಅಂತ."

ಕೇಳಿದೆ. ಮೂರು ದಿನದ್ದು ಎಂದಿದ್ದ ಕೆಮ್ಮು ಒಂದೂವರೆ ತಿಂಗಳಿನದಾಗಿತ್ತು. ಅವರ ಮುಂದೆ ನನ್ನ ಅವಸರಕ್ಕೆ ಮರ್ಯಾದೆ ಉಳಿಯುತ್ತಿರಲಿಲ್ಲ.

ಇನ್ನೊಮ್ಮೆ ಒಬ್ಬ ಗಂಡಸು ಬಂದು ಟ್ಯಾಬ್ ಮುಂದೆ ಕೂತ. ಮೀಸೆ ಕಾಡಿಗೆಯಷ್ಟು ಕಪ್ಪು, ತಲೆಗೂದಲೂ ಹಾಗೆಯೇ. ಎದೆಯಲ್ಲಿ ಉರಿ ಎಂದ, ವಯಸ್ಸು ಮೂವತ್ತೊಂಬತ್ತು ಎಂದ. ಮಿರ್ಚಿ ಭಜಿ ಕಡಿಮೆ ಮಾಡಲು ಹೇಳಿ ಪಿತ್ತದ ಮಾತ್ರೆ ಬರೆಯತೊಡಗಿದೆ. ಅಷ್ಟರಲ್ಲಿ ಬಲಗೈ ಪರದೆಯೊಳಗೆ ಬಂತು. ಹೆಬ್ಬೆರಳಿನಿಂದ ಅವನ ಮೀಸೆಯನ್ನು ಒರೆಸಿ, ಕಪ್ಪಾದ ಬೆರಳನ್ನು ಕ್ಯಾಮೆರಾಕ್ಕೆ ಹಿಡಿಯಿತು.

"ಡಾಕ್ಟರ್ ನೋಡ್ತಾರ ಅಂತ ಬಣ್ಣ ಹಚ್ಕೊಂಡು ಬಂದಾನ್ರಿ. ನಮ್ಮ ಅಣ್ಣನ ಜೋಡಿ ಗೋಲಿ ಆಡಿದಾಂವ ಇವ. ಐವತ್ತೆಂಟು ಬರ್ಕೋರಿ. ಈಗ ಹೇಳ್ರಿ, ಐವತ್ತೆಂಟಕ್ಕೂ ಇದ ಗುಳಗಿ ಏನು?"

ಅದೇ ಗುಳಿಗೆ ಅಲ್ಲ. ಅವತ್ತೇ ಕಲಬುರಗಿಗೆ ಕಳಿಸಿದೆ. ಹೃದಯದ ತೊಂದರೆಯೇ ಆಗಿತ್ತು. ಆತ ಉಳಿದು ಬಂದ, ಮೀಸೆಗೆ ಬಣ್ಣ ಹಚ್ಚುವುದನ್ನು ಮಾತ್ರ ಬಿಡಲಿಲ್ಲವಂತೆ. "ವಯಸ್ಸು ಬದಲಾದ್ರ ಔಷಧ ಬದಲಾಗ್ತದ ನೋಡ್ರಿ," ಎಂದು ಗುರುಬಾಯಿ ನನಗೇ ಪಾಠ ಹೇಳಿದರು. ಈ ಮಾತು ಅವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದು ನನಗೆ ತಡವಾಗಿ ತಿಳಿಯಿತು.

ಕ್ಯಾಮೆರಾ ಮುಂದೆ ಕೂರಲು ನಾಚುವ ಹೆಣ್ಣುಮಕ್ಕಳಿಗೆ ಅವರು ಒಂದು ದಾರಿ ಮಾಡಿಕೊಟ್ಟಿದ್ದರು. ಟ್ಯಾಬನ್ನು ಗೋಡೆಯ ಕಡೆ ತಿರುಗಿಸಿಬಿಡುವರು. ಪರದೆ ತುಂಬ ನನಗೆ ಕಾಣುವುದು ಸುಣ್ಣ ಬಳಿದ ಗೋಡೆ, ಅದರ ಮೇಲೆ ಲಸಿಕೆಯ ಪಟ್ಟಿ. ಹೆಂಗಸು ಪಿಸುಗುಟ್ಟುವುದು ಕೇಳಿಸುತ್ತಿತ್ತು. ಅದನ್ನು ಗುರುಬಾಯಿ ಗಟ್ಟಿಯಾಗಿ ನನಗೆ ದಾಟಿಸುವರು. ಗೋಡೆಗೆ ಔಷಧ ಬರೆದುಕೊಡುವ ಡಾಕ್ಟರ್ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಎಂದು ಗೆಳೆಯರ ಮುಂದೆ ನಗುತ್ತಿದ್ದೆ.

ಹೋದ ವರ್ಷ ಮಳೆಗಾಲದ ನಡುವೆ ಆ ಗೋಡೆಯ ಮರೆಗೆ ಮಹಾದೇವಿ ಎಂಬ ಹೆಂಗಸು ಬಂದಳು.

"ಇಲ್ಲೇ ಕೇಂದ್ರದ ಹಿಂದಿನ ಮನ್ಯಾಕಿರಿ. ಮುಟ್ಟು ಭಾಳ ಹೋಗಾಕತ್ತದ, ಸುಸ್ತು ಅಂತಾಳ. ಮೂವತ್ತೆಂಟು ಬರ್ಕೋರಿ."

ಪಿಸುಮಾತು ಕೇಳಿಸಲಿಲ್ಲ. ಭಾಳ ನಾಚುತ್ತಾಳೆ ಎಂದರು. ಆ ವಯಸ್ಸಿನವರಲ್ಲಿ ದಿನಾ ಕಾಣುವ ತೊಂದರೆ. ರಕ್ತ ನಿಲ್ಲುವ ಮಾತ್ರೆ, ರಕ್ತ ಹೆಚ್ಚುವ ಮಾತ್ರೆ ಬರೆದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಮುಂದಿನ ತಿಂಗಳು ಮತ್ತೆ ಮಹಾದೇವಿ, ಮತ್ತೆ ಅದೇ ಮಾತ್ರೆ. ಮೂರನೆಯ ಸಲ, ಮಾತ್ರೆಗೆ ನಿಲ್ಲದಿದ್ದರೆ ಕಲಬುರಗಿಗೆ ಹೋಗಿ ಸ್ಕ್ಯಾನ್ ಮಾಡಿಸಲೇಬೇಕು ಎಂದೆ.

"ಹೇಳೇನ್ರಿ. ಅಂಜ್ತಾಳ. ಆಕಿ ಅಕ್ಕಗ ಹಿಂಗ ಆಗಿ, ಗರ್ಭಚೀಲ ತಗದ್ರು. ಆಮ್ಯಾಲ ಆಕಿ ಅಕ್ಕ ಹಾಸಿಗಿ ಬಿಟ್ಟು ಏಳಲಿಲ್ರಿ. ಸಾಹೇಬ್ರ, ಇನ್ನೊಂದ ತಿಂಗಳು ಗುಳಗಿ ಕೊಡ್ರಿ."

ನಾಲ್ಕನೆಯ ಸಲವೂ ಕೊಟ್ಟೆ. ಅವತ್ತು ಅವರು ಮಾತಿನ ನಡುವೆ ಎರಡು ಕಡೆ ಉಸಿರಿಗೆ ನಿಂತರು. ಮೆಟ್ಟಿಲು ಹತ್ತಿ ಬಂದಿರಬೇಕು ಎಂದುಕೊಂಡು ಮುಂದಿನ ಹೆಸರು ಒತ್ತಿದೆ. ಉಪಕೇಂದ್ರಕ್ಕೆ ಮೆಟ್ಟಿಲಿದೆಯೋ ಇಲ್ಲವೋ ನನಗೇನು ಗೊತ್ತು.

ಮಧ್ಯಾಹ್ನ ಊಟಕ್ಕೆ ಕೂತವನು ಡಬ್ಬಿ ಮುಚ್ಚಿದೆ. ಏನೋ ತಪ್ಪಿದೆ, ಏನೆಂದು ತಿಳಿಯುತ್ತಿಲ್ಲ. ಎದ್ದು ಕೋಣೆಯಲ್ಲಿ ಅಡ್ಡಾಡಿದೆ. ಆಮೇಲೆ ಹೊಳೆಯಿತು. ಮೂವತ್ತೆಂಟು ಬರ್ಕೋರಿ, ಅಷ್ಟೇ ಹೇಳಿದ್ದರು. ಮದುವೆ ಇಲ್ಲ, ಲೈಟ್ ಇಲ್ಲ, ಭೀಮಾ ನದಿಯ ನೀರಿಲ್ಲ. ಹಲ್ಲಿಲ್ಲದ ಮುದುಕನ ವಯಸ್ಸಿಗೂ ಐದು ನಿಮಿಷ ಜಗಳಾಡುವವರು ಮಹಾದೇವಿಗೆ ಒಂದು ಸಾಕ್ಷಿಯನ್ನೂ ಕೊಟ್ಟಿರಲಿಲ್ಲ. ಮರುದಿನ ರಜೆ ಹಾಕಿ ಬೈಕ್ ಹತ್ತಿದೆ.

ಉಪಕೇಂದ್ರಕ್ಕೆ ಮೆಟ್ಟಿಲಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸಿನ ಕೈಯನ್ನು ಮೊದಲು ಗುರುತಿಸಿದೆ, ಆಮೇಲೆ ಮುಖ ನೋಡಿದೆ. ಉದ್ದ ಮುಖ, ದೊಡ್ಡ ಕುಂಕುಮ, ತುಟಿಯಲ್ಲಿ ರಕ್ತವೇ ಇಲ್ಲ.

"ಅಯ್ಯ, ಸಾಹೇಬ್ರ! ಪರದ್ಯಾಗ ಎತ್ತರ ಕಾಣ್ತಿದ್ರಿ. ಇಷ್ಟ ಗಿಡ್ಡ ಅದೀರಿ?"

ನಗಬೇಕಾಗಿತ್ತು. ನಗು ಬರಲಿಲ್ಲ. "ಮಹಾದೇವಿ ಮನಿ ತೋರಸ್ರಿ ಅಕ್ಕಾರ," ಎಂದವನೇ ಕಟ್ಟಡ ಸುತ್ತಿ ಹಿಂದೆ ಹೋದೆ. ಅಲ್ಲಿ ಮನೆ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಹಳದಿ ಹೂ ಬಿಟ್ಟ ತೊಗರಿ ಹೊಲ. ಅವರು ಗೋಡೆ ಹಿಡಿದುಕೊಂಡು ನಿಧಾನ ಬಂದು ಪಕ್ಕದಲ್ಲಿ ನಿಂತರು.

"ಮಹಾದೇವಿ ವಯಸ್ಸು ಎಷ್ಟ್ರಿ ಅಕ್ಕಾರ?"

ಅವರು ಒಂದು ತೊಗರಿ ಹೂ ಚಿವುಟಿದರು. "ಊರಿಗೆ ಲೈಟ್ ಬಂದಾಗ ನಾ ಎರಡನೇತ್ತ ಕಲೀತಿದ್ದೆ," ಎಂದರು. ಆಮೇಲೆ, "ಐವತ್ತಾರು ಬರ್ಕೋರಿ."

ಮಹಾದೇವಿ ಅವರೇ; ಅವರ ಮುಟ್ಟು ನಿಂತು ಆರು ವರ್ಷವಾಗಿತ್ತು. ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿಂತ ಮ್ಯಾಲೆ ಮತ್ತ ರಕ್ತ ಹೋದ್ರ ಏನಿರಬಹುದು ಅಂತ ನಿಮಗ ಗೊತ್ತಿಲ್ಲೇನ್ರಿ? ಊರಿಗೆಲ್ಲ ಹೇಳಾವ್ರು ನೀವು!" ಎಂದು ಕೂಗಿದೆ.

"ಗೊತ್ತದರಿ. ಐವತ್ತಾರು ಅಂದ್ರ ನೀವು ಕಲಬುರಗಿಗೆ ಹೋಗು ಅಂತೀರಿ. ಮೂವತ್ತೆಂಟು ಅಂದ್ರ ಗುಳಗಿ ಕೊಡ್ತೀರಿ. ನನಗ ಗುಳಗಿ ಬೇಕಾಗಿತ್ತು."

ಹಾಸಿಗೆ ಬಿಟ್ಟು ಏಳದ ಆ ಅಕ್ಕ ಅವರ ಸ್ವಂತ ಅಕ್ಕ. ಬಾಣಂತಿಯರನ್ನೂ ಹಾವು ಕಡಿದವರನ್ನೂ ಎತ್ತಿ ಗಾಡಿಗೆ ಹಾಕಿ ಕಳಿಸಿದ ಹೆಂಗಸು, ತಾನು ಹೋಗಬೇಕಾದಾಗ ಮಗುವಿನ ಹಾಗೆ ಹೆದರಿ ಗೋಡೆಯ ಹಿಂದೆ ಅಡಗಿದ್ದರು. ಅವತ್ತೇ ಹೊರಡಿಸಿ ಜೊತೆಗೆ ಹೋದೆ. ಕಲಬುರಗಿಯ ಡಾಕ್ಟರು ನನ್ನ ಚೀಟಿ ಓದಿ, ನಾಲ್ಕು ತಿಂಗಳು ಮೊದಲೇ ಬರಬೇಕಿತ್ತು ಎಂದರು. ಅದನ್ನು ಗುರುಬಾಯಿಯವರಿಗೆ ಹೇಳಿದರೋ ನನಗೆ ಹೇಳಿದರೋ ಗೊತ್ತಾಗಲಿಲ್ಲ.

ಆಪರೇಷನ್ ಆಯಿತು. ಗರ್ಭಚೀಲದ ಕ್ಯಾನ್ಸರ್ ಅಷ್ಟರಲ್ಲಿ ಬೇರೆ ಕಡೆಗೂ ಹಬ್ಬಿತ್ತು. ಗುರುಬಾಯಿ ಅಫಜಲಪುರ ತಾಲೂಕಿನಲ್ಲಿದ್ದ ಅಣ್ಣನ ಮನೆಗೆ ಹೋದರು. ಬೇಸಿಗೆಯಲ್ಲಿ ಒಂದು ದಿನ ವಿಡಿಯೋ ಕಾಲ್ ಮಾಡಿದರು. ಎತ್ತಿದರೆ ಪರದೆ ತುಂಬ ಗೋಡೆ.

"ಆರಾಮ ಅದೀನ್ರಿ ಸಾಹೇಬ್ರ."

"ಫೋನ್ ತಿರುಗಸ್ರಿ ಅಕ್ಕಾರ. ಮುಖ ನೋಡಬೇಕು."

"ಬ್ಯಾಡ್ರಿ. ಗೋಡಿ ನೋಡ್ರಿ. ಹೊಸಾ ಸುಣ್ಣ ಹಚ್ಚ್ಯಾರ."

ನೋಡಿದೆ. ನಾನು ಅವರ ಉಸಿರು ಎಣಿಸುತ್ತಿದ್ದೆ, ಅದು ಅವರಿಗೂ ಗೊತ್ತಿತ್ತು. ಎಂಟು ದಿನಕ್ಕೆ ಸುದ್ದಿ ಬಂತು.

ಈಗ ಆ ಉಪಕೇಂದ್ರದಲ್ಲಿ ಹೊಸ ಹುಡುಗಿ ಇದ್ದಾಳೆ. ಚುರುಕು, ಒಳ್ಳೆಯವಳು. ರೋಗಿ ಹೇಳಿದ ವಯಸ್ಸನ್ನು ಹಾಗೆಯೇ ಹೇಳುತ್ತಾಳೆ. "ಇವರ ಮದುವಿ ಯಾವಾಗ ಆತು ಕೇಳವ್ವ," ಎಂದರೆ, ನೆಗಡಿಗೂ ಮದುವೆಗೂ ಏನು ಸಂಬಂಧ ಎನ್ನುವಂತೆ ನೋಡುತ್ತಾಳೆ. ಎಡಕ್ಕೆ ಹೆಸರುಗಳು ಏರುತ್ತಲೇ ಇರುತ್ತವೆ. ನಾನು ಕೇಳದೆ ಬಿಡುವುದಿಲ್ಲ.

ಬಿಡುವಾದಾಗ ಆ ಹಳ್ಳಿಯ ಹಳೆಯ ಪಟ್ಟಿ ತೆರೆಯುತ್ತೇನೆ. ಮಹಾದೇವಿ, ಹೆಣ್ಣು, ಮೂವತ್ತೆಂಟು ವರ್ಷ, ಮಾತ್ರೆ ಕೊಡಲಾಗಿದೆ. ನಾಲ್ಕು ಸಲ. ತಿದ್ದಲು ಎಷ್ಟೋ ಬಾರಿ ನೋಡಿದೆ, ಮುಗಿದ ಭೇಟಿಯನ್ನು ತಿದ್ದಲು ಕಂಪ್ಯೂಟರ್ ಬಿಡುವುದಿಲ್ಲ. ಆ ಪಟ್ಟಿಯಲ್ಲಿರುವ ಮಿಕ್ಕ ವಯಸ್ಸುಗಳೆಲ್ಲ ಖರೆ, ಗುರುಬಾಯಿ ನನ್ನೊಡನೆ ಜಗಳಾಡಿ ಬರೆಸಿದವು. ಇದೊಂದಕ್ಕೆ ನಾನು ಅವರೊಡನೆ ಜಗಳಾಡಬೇಕಾಗಿತ್ತು.