ಡಿಕ್ಕಿ ಇಲ್ಲದ ಪ್ರವಾಸ

ನಮ್ಮ ಜನ ಲಂಡನ್ನಿಗೆ ಬಂದು ಎಷ್ಟು ವರ್ಷವಾದರೂ ಪ್ರವಾಸ ಹೊರಡುವುದು ಮಾತ್ರ ಮದುವೆಯ ದಿಬ್ಬಣ ಹೊರಟ ಹಾಗೆಯೇ. ಪಿನ್ನರ್, ಹ್ಯಾರೋ ಸುತ್ತಮುತ್ತಲಿನ ನಾಲ್ಕೈದು ಡಾಕ್ಟರ ಸಂಸಾರಗಳು ಸೇರಿ ಸ್ಪೇನಿನ ಯಾವುದಾದರೂ ಕಡಲ ದಂಡೆಯಲ್ಲಿ ದೊಡ್ಡ ಮನೆ ಹಿಡಿಯಬೇಕು, ವಿಮಾನದಿಂದ ಇಳಿದ ಕೂಡಲೇ ಬಾಡಿಗೆ ಕಾರುಗಳನ್ನು ಪಡೆದು ಒಂದರ ಹಿಂದೆ ಒಂದರಂತೆ ಹೊರಡಬೇಕು. ಡಿಕ್ಕಿಯಲ್ಲಿ ರೈಸ್ ಕುಕ್ಕರ್, ಸೌತ್‌ಹಾಲಿನಲ್ಲಿ ಕೊಂಡ ಸೋನಾ ಮಸೂರಿ, ಚಟ್ನಿಪುಡಿ, ಉಪ್ಪಿನಕಾಯಿ ಇರಲೇಬೇಕು. ಗಂಡಸರು ಮುಂದೆ ಕೂತು ಯಾವ ದಾರಿ ಸರಿ ಎಂದು ಜಗಳವಾಡುತ್ತಾರೆ, ಹೆಂಗಸರು ಹಿಂದೆ ಕೂತು ಚಕ್ಕುಲಿ ಹಂಚುತ್ತಾರೆ. ಈ ದಿಬ್ಬಣದ ಮೊದಲ ಕಾರು ಯಾವತ್ತೂ ನನ್ನ ಗಂಡನದು.

ಅವರು ಧಾರವಾಡದವರು, ಆಸ್ಪತ್ರೆಯಲ್ಲಿ ಎಕ್ಸ್‌ರೇ, ಸ್ಕ್ಯಾನುಗಳನ್ನು ನೋಡುವ ಡಾಕ್ಟರು. ನಾನು ಮೈಸೂರಿನವಳು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ನಮ್ಮ ಸಂಸಾರ ಸಾಗಿತ್ತು, ಯಾರು ಎತ್ತು ಯಾರು ಕೋಣ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಅವರಿಗೆ ಕಾರು ಓಡಿಸುವುದೆಂದರೆ ಪ್ರಾಣ. ಊರಿನಿಂದ ಯಾರ ಅತ್ತೆ ಬರಲಿ, ಯಾರ ಮಾವ ಬರಲಿ, ಹೀಥ್ರೋಗೆ ಹೋಗಿ ಕರೆತರುವವರು ಇವರೇ. ನಮ್ಮ ಮನೆಯ ಸೋರುವ ನಲ್ಲಿ ರಿಪೇರಿಗೆ ಮಾತ್ರ ಅವರಿಗೆ ಬಿಡುವಿಲ್ಲ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ನಾನು ರೇಗಿಸಿದರೆ ಬೀಗದ ಕೈ ತಿರುಗಿಸುತ್ತಾ ನಗುತ್ತಿದ್ದರು.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಜನವರಿಯ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತಿದ್ದವರು ಹಾಗೆಯೇ ಅಡುಗೆಮನೆಯ ನೆಲದ ಮೇಲೆ ಬಿದ್ದು ಸೆಟೆದುಕೊಂಡರು. ಫಿಟ್ಸ್. ಪರೀಕ್ಷೆಗಳಲ್ಲಿ ಕಾರಣವೇನೂ ಸಿಗಲಿಲ್ಲ, ಅದು ಮತ್ತೆ ಬರಲೂ ಇಲ್ಲ. ಆದರೆ ಕಾನೂನಿನ ಪ್ರಕಾರ ಒಂದು ವರ್ಷ ಅವರು ಸ್ಟೀರಿಂಗ್ ಮುಟ್ಟುವ ಹಾಗಿರಲಿಲ್ಲ. ಸ್ವಲ್ಪ ದಿನ ರಜೆ ಹಾಕಿ, ಆಮೇಲೆ ಟ್ಯೂಬ್ ರೈಲಿನಲ್ಲಿ ಆಸ್ಪತ್ರೆಗೆ ಹೋಗಿಬರಲು ಶುರುಮಾಡಿದರು.

ಕಾಯಿಲೆ ಹೋಯಿತು, ನಾಚಿಕೆ ಉಳಿಯಿತು. ಗೆಳೆಯರೆಲ್ಲ ಡಾಕ್ಟರುಗಳೇ, ಫಿಟ್ಸ್ ಎಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಆದರೂ ಇವರು ಒಬ್ಬರಿಗೂ ಬಾಯಿ ಬಿಡಲಿಲ್ಲ, ನಾನೂ ಬಿಡಕೂಡದೆಂದು ಆಣೆ ಹಾಕಿಸಿದರು. ಹೀಥ್ರೋಗೆ ಹೋಗಿಬನ್ನಿ ಎಂದು ಫೋನ್ ಬಂದರೆ ಕಾರಿನ ಕ್ಲಚ್ ಕೆಟ್ಟಿದೆ ಎಂದರು. ಮುಂದಿನ ಸಲ ಬೆನ್ನುನೋವು ಎಂದರು. ಯುಗಾದಿ ಊಟಕ್ಕೆ ಕರೆದರೆ ಆನ್‌ಕಾಲ್ ಡ್ಯೂಟಿ ಎಂದರು, ಏಕೆಂದರೆ ಬಸ್ಸಿನಿಂದ ಇಳಿಯುವುದನ್ನೋ, ನಾನು ಕಾರು ಓಡಿಸುವುದನ್ನೋ ಯಾರಾದರೂ ನೋಡಿಬಿಟ್ಟರೆ ಕಾರಣ ಹೇಳಬೇಕಾಗುತ್ತಿತ್ತು. ಬರಬರುತ್ತಾ ಕೆಲಸ ಬಿಟ್ಟರೆ ಸೋಫಾ, ಸೋಫಾ ಬಿಟ್ಟರೆ ಕೆಲಸ ಎಂದಾಯಿತು. ಮನೆಯಲ್ಲಿ ನಗು ನಿಂತುಹೋಯಿತು. ಫಿಟ್ಸಿಗೆ ನಾನು ಹೆದರಿದ್ದು ಒಂದು ವಾರ, ಆ ಮೌನಕ್ಕೆ ಹೆದರಿದ್ದು ತಿಂಗಳುಗಟ್ಟಲೆ.

ಮೇ ತಿಂಗಳ ಶಾಲಾ ರಜೆಗೆ ದಿಬ್ಬಣ ಮತ್ತೆ ಸ್ಪೇನಿಗೆ ಸಿದ್ಧವಾಯಿತು. ಇವರು ಬರುವುದಿಲ್ಲ ಎಂದುಬಿಟ್ಟರು. ಹಾಗಾದರೆ ಮಗಳೂ ಸೇರಿ ನಾವು ಮೂವರೇ ಹೋಗೋಣ, ನಾನೇ ಕಾರು ಓಡಿಸುತ್ತೇನೆ ಎಂದೆ. ನನ್ನ ಡ್ರೈವಿಂಗ್ ಎಂದರೆ ಮಗಳ ಶಾಲೆ ಮತ್ತು ತರಕಾರಿ ಅಂಗಡಿ, ಅಷ್ಟೇ. ಪಕ್ಕದಲ್ಲಿ ಇವರು ಕೂತರೆ ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಲೇ ಇರುತ್ತಾರೆ. ಅಪರಿಚಿತ ದೇಶದಲ್ಲಿ, ರಸ್ತೆಯ ಬಲಗಡೆಯಲ್ಲಿ ನಾನು ಓಡಿಸುವುದನ್ನು ನೋಡುವುದಕ್ಕಿಂತ ಮನೆಯಲ್ಲಿರುವುದೇ ಮೇಲು ಎಂದರು. ನನಗೂ ರೇಗಿತು. ಸರಿ, ಕಾರೇ ಬೇಡದ ಊರು ಹುಡುಕುತ್ತೇನೆ, ಆಗ ಏನು ನೆಪ ಹೇಳುತ್ತೀರೋ ನೋಡೋಣ ಎಂದೆ.

ಅಲ್ಲಿಂದ ನಮ್ಮ ಊಟದ ಮೇಜಿನ ಮೇಲೆ ಹೆಣ್ಣು ನೋಡುವ ಶಾಸ್ತ್ರ ಶುರುವಾಯಿತು. ಲೈಬ್ರರಿಯಿಂದ ಪುಸ್ತಕಗಳನ್ನು ಹೊತ್ತು ತಂದೆ. ಹದಿನಾಲ್ಕರ ಮಗಳು ಕರ್ರ್ ಕುರ್ರ್ ಎನ್ನುವ ಇಂಟರ್‌ನೆಟ್ಟಿನಲ್ಲಿ ಬಸ್ಸು, ರೈಲುಗಳ ಸಮಯ ಹುಡುಕಿದಳು. ನನ್ನ ಷರತ್ತುಗಳು ಬಿಗಿಯಾಗಿದ್ದವು. ಲಂಡನ್ನಿನಿಂದ ನೇರ ವಿಮಾನವಿರಬೇಕು, ವಿಮಾನ ನಿಲ್ದಾಣದಿಂದ ಊರೊಳಕ್ಕೆ ಬಸ್ಸಿರಬೇಕು. ಒಮ್ಮೆ ಇಳಿದ ಮೇಲೆ ಎಲ್ಲವೂ ಕಾಲ್ನಡಿಗೆಗೆ ಸಿಗಬೇಕು. ಬೇಸರವಾದರೆ ಒಂದು ದಿನ ರೈಲಿನಲ್ಲಿ ಪಕ್ಕದ ಊರಿಗೆ ಹೋಗಿಬರುವಂತಿರಬೇಕು. ಇಡೀ ಊರನ್ನು ನಡೆದು ದಾಟುವಷ್ಟು ಚಿಕ್ಕದಿರಬೇಕು, ಸಂಜೆ ಬೀದಿಯಲ್ಲಿ ಜನ ಕಾಣುವಷ್ಟು ದೊಡ್ಡದಿರಬೇಕು.

ಸ್ಪೇನಿನ ಊರುಗಳಲ್ಲಿ ಸೆವಿಯಾ ಚೆಲುವೆಯೇ, ಆದರೆ ಪಟ್ಟಣ ದೊಡ್ಡದು, ಬಿಸಿಲಿಗೆ ಇವರಿಗೆ ತಲೆ ಸುತ್ತಿದರೆ ಎಂಬ ಭಯ ನನಗೆ. ಟೊಲೆಡೊ ಮನಸ್ಸಿಗೆ ಬಂತು, ಆದರೆ ಮ್ಯಾಡ್ರಿಡ್ಡಿನಲ್ಲಿ ಇಳಿದು ಮತ್ತೆ ರೈಲು ಹಿಡಿಯಬೇಕು. ವಿಶ್ವವಿದ್ಯಾಲಯದ ಊರು ಸಲಮಾಂಕಾ ಓದಿದವಳು, ಸುಸಂಸ್ಕೃತಳು, ತವರು ಮಾತ್ರ ಬಲು ದೂರ. ದೂರದ ಬೆಟ್ಟ ನುಣ್ಣಗೆ ಎಂದು ಒಂದೊಂದನ್ನೇ ಬದಿಗಿಟ್ಟೆ. ಕೊನೆಗೆ ಮಗಳು ಜಿರೋನಾ ಎಂದಳು. ಅಗ್ಗದ ವಿಮಾನಗಳೆಲ್ಲ ಬಾರ್ಸಿಲೋನಾಕ್ಕೆ ಹೋಗುವವರನ್ನು ಅಲ್ಲೇ ಇಳಿಸುತ್ತಿದ್ದ ಕಾಲ ಅದು. ಜನ ಆ ಊರಿನ ಬಾಗಿಲಲ್ಲಿ ಇಳಿದು, ಒಳಗೆ ಇಣುಕದೆ ಹೋಗುತ್ತಿದ್ದರು. ಪಾಪದ ಹುಡುಗಿ, ಯಾರೂ ನೋಡಲು ಬಂದವರಿಲ್ಲ ಎಂದು ನನಗೆ ಅಕ್ಕರೆ ಉಕ್ಕಿತು. ನದಿ, ಹಳೆಯ ಕೋಟೆಗೋಡೆ, ನಡೆದು ಹೋಗುವ ದೂರದಲ್ಲಿ ರೈಲು ನಿಲ್ದಾಣ ಎಲ್ಲವೂ ಇದ್ದವು. ಹಳೆಯ ಪೇಟೆಯಲ್ಲಿ ಅಡುಗೆಮನೆಯಿರುವ ಒಂದು ಫ್ಲಾಟನ್ನು ಐದು ದಿನಕ್ಕೆ ಗೊತ್ತು ಮಾಡಿಬಿಟ್ಟೆ.

ಇವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮೌನವೇ ಸಮ್ಮತಿ ಎಂದು ಪೆಟ್ಟಿಗೆ ಕಟ್ಟಿದೆ.

ಪೆಟ್ಟಿಗೆ ಕಟ್ಟುವಾಗ ನಾನು ನಮ್ಮ ಜನವೇ ಆಗಿಬಿಟ್ಟೆ. ಕಾರು ಬೇಡದ ಊರನ್ನು ವಾರಗಟ್ಟಲೆ ಹುಡುಕಿದವಳು ಸಾಮಾನು ತುಂಬಿದ್ದು ಮಾತ್ರ ಕಾರಿನ ಡಿಕ್ಕಿಯ ಅಳತೆಗೆ. ರೈಸ್ ಕುಕ್ಕರ್ ಬಂತು, ಅಕ್ಕಿಯ ಚೀಲ ಬಂತು, ಹುಣಸೆಹಣ್ಣು, ಬೇಳೆ, ಒಗ್ಗರಣೆ ಡಬ್ಬಿ ಕೂಡ ಬಂದವು. ಡಿಕ್ಕಿಯೇ ಇಲ್ಲವಲ್ಲ ಎಂಬುದು ನನಗೆ ಹೊಳೆದದ್ದು ಪಿನ್ನರ್ ಟ್ಯೂಬ್ ಸ್ಟೇಷನ್ನಿನ ಮೆಟ್ಟಿಲ ಬಳಿ. ಮಗಳು ‘ಅಮ್ಮಾ, ಸೀರಿಯಸ್ಲಿ?’ ಎಂದು ಇಂಗ್ಲಿಷಿನಲ್ಲಿ ಏನೇನೋ ಅಂದಳು. ಇವರು ಸೂಟ್‌ಕೇಸಿನ ಒಂದು ಕಡೆ ಹಿಡಿದರು.

ಜಿರೋನಾದಲ್ಲಿ ವಿಮಾನ ಇಳಿದದ್ದೇ ತಡ, ಎಲ್ಲರೂ ಬಾರ್ಸಿಲೋನಾ ಬಸ್ಸಿಗೆ ಓಡಿದರು. ನಾವು ಮೂವರು ಊರಿನ ಬಸ್ಸು ಹತ್ತಿದೆವು. ಇವರು ಕಿಟಕಿಯ ಪಕ್ಕ ಕೂತರು. ಗೋಧಿ ಹೊಲ, ಅಂಚಿನಲ್ಲಿ ಕೆಂಪು ಗಸಗಸೆ ಹೂವು, ಯಾರದೋ ಹಿತ್ತಲಿನಲ್ಲಿ ಒಣಗುತ್ತಿದ್ದ ಬಟ್ಟೆ, ಎಲ್ಲವನ್ನೂ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ. ಅಷ್ಟು ವರ್ಷಗಳ ಪ್ರವಾಸದಲ್ಲಿ ಹಿಂದಿನ ಸೀಟಿನಿಂದ ನನಗೆ ಕಂಡದ್ದು ಅವರ ಹಿಂದಲೆ ಮಾತ್ರ. ಕೂದಲು ಬೆಳ್ಳಗಾದದ್ದನ್ನು ನಾನು ಹಿಂದಿನಿಂದಲೇ ಲೆಕ್ಕ ಇಟ್ಟಿದ್ದೆ.

ಬಸ್ಸು ಇಳಿದು ಸೇತುವೆ ದಾಟುವವರೆಗೆ ಎಲ್ಲ ಸುಖವಾಗಿತ್ತು. ನದಿಯ ಅಂಚಿಗೇ ಹಳದಿ, ಕೆಂಪು, ಕಾವಿ ಬಣ್ಣದ ಮನೆಗಳು ನಿಂತಿದ್ದವು. ಅದರಾಚೆ ಹಳೆಯ ಪೇಟೆ, ಅಂದರೆ ಉರುಟು ಕಲ್ಲಿನ ನೆಲ ಮತ್ತು ಮೆಟ್ಟಿಲೋ ಮೆಟ್ಟಿಲು. ಮೊದಲನೆಯ ಓಣಿಯಲ್ಲೇ ಸೂಟ್‌ಕೇಸಿನ ಚಕ್ರ ಕಳಚಿ ಉರುಳಿಕೊಂಡು ನದಿಯ ಕಡೆಗೆ ಹೊರಟಿತು. ನಡುಬೀದಿಯಲ್ಲಿ ಪೆಟ್ಟಿಗೆ ತೆರೆದು ಭಾರ ಹಂಚಿಕೊಳ್ಳಬೇಕಾಯಿತು. ನನ್ನ ಕಂಕುಳಲ್ಲಿ ರೈಸ್ ಕುಕ್ಕರ್ ಬಂತು. ಮಗಳು ಒಗ್ಗರಣೆ ಡಬ್ಬಿಯನ್ನು ಜಾಕೆಟ್ಟಿನೊಳಗೆ ಬಚ್ಚಿಟ್ಟುಕೊಂಡು, ನಮ್ಮ ಪರಿಚಯವೇ ಇಲ್ಲದವಳಂತೆ ಮುಂದೆ ಮುಂದೆ ನಡೆದಳು. ನಾನು ಇವರ ಮುಖ ನೋಡಲು ಹೆದರಿದೆ. ಈಗ ಬೈಯುತ್ತಾರೆ, ಇಲ್ಲವೇ ವಾಪಸ್ಸು ಹೋಗೋಣ ಎನ್ನುತ್ತಾರೆ ಎಂದುಕೊಂಡೆ.

ಇವರು ಅಕ್ಕಿಯ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಹುಬ್ಬಳ್ಳಿ ಸ್ಟೇಷನ್ನಿನ ಹಮಾಲರಂತೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡರು. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಗೆ ಏದುಸಿರು ಬಿಡುತ್ತಾ ಹತ್ತಿ, ಫ್ಲಾಟಿನ ಹೊಸ್ತಿಲಲ್ಲಿ ನಿಂತು, ಮನೆಯೊಡತಿಯನ್ನು ಕೇಳುವ ಧಾಟಿಯಲ್ಲಿ ನನ್ನ ಕಡೆ ತಿರುಗಿದರು.

‘ಎಲ್ಲಿ ಇಳಸ್ಲಿರಿ, ಬಾಯಾರ?’

ಜನವರಿಯ ನಂತರ ಅವರು ಮಾಡಿದ ಮೊದಲ ತಮಾಷೆ ಅದು. ನಾನು ನಕ್ಕು ನಕ್ಕು, ಕುಕ್ಕರನ್ನು ಅಪ್ಪಿಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂದದ್ದು ನಗುವಿಗೆ ಎಂದು ಮಗಳಿಗೆ ಹೇಳಿದೆ.

ಮರುದಿನದಿಂದ ಇವರನ್ನು ಹಿಡಿಯುವವರೇ ಇಲ್ಲ. ಬೆಳಿಗ್ಗೆ ಎದ್ದವರೇ ಬೂಟು ಹಾಕಿಕೊಂಡು ನಮಗಾಗಿ ಬಾಗಿಲಲ್ಲಿ ಕಾಯುತ್ತಿದ್ದರು. ಯಾವ ಓಣಿ ಎಲ್ಲಿಗೆ ಹೋಗುತ್ತದೆ ಎಂದು ಕೇಳದೆ ನುಗ್ಗುತ್ತಿದ್ದರು. ದಾರಿ ತಪ್ಪಿದರೆ ಹಿಂದೆ ನಾಲ್ಕು ಕಾರು ಹಾರ್ನ್ ಹೊಡೆಯುವಂತಿರಲಿಲ್ಲ. ಅಲ್ಲಿನವರು ಬ್ರೆಡ್ಡಿಗೆ ಟೊಮೆಟೊ ತಿಕ್ಕಿ, ಎಣ್ಣೆ, ಉಪ್ಪು ಹಾಕಿ ತಿನ್ನುತ್ತಾರೆ. ಇವರು ಅದರ ಮೇಲೆ ನಮ್ಮ ಚಟ್ನಿಪುಡಿ ಉದುರಿಸಿ, ಹೋಟೆಲಿನವನಿಗೂ ಒಂದು ತುಂಡು ಕೊಟ್ಟರು. ಅವನು ಕೆಮ್ಮಿದ, ಆಮೇಲೆ ಇನ್ನೊಂದು ತುಂಡು ಕೇಳಿದ. ಒಂದು ಕಂಬದ ಮೇಲೆ ಕಲ್ಲಿನ ಸಿಂಹಿಣಿಯಿತ್ತು. ಅದರ ಹಿಂಭಾಗಕ್ಕೆ ಮುತ್ತು ಕೊಟ್ಟವರು ಆ ಊರಿಗೆ ಮತ್ತೆ ಬರುತ್ತಾರಂತೆ ಎಂದು ಮಗಳು ಓದಿ ಹೇಳಿದಳು. ನಾನು ಛೀ ಎನ್ನುವಷ್ಟರಲ್ಲಿ ಇವರು ಮೆಟ್ಟಿಲು ಹತ್ತಿ ಕೊಟ್ಟೇಬಿಟ್ಟಿದ್ದರು. ಮಗಳು ‘ಡ್ಯಾಡ್, ನೋ!’ ಎಂದು ಮುಖ ಮುಚ್ಚಿಕೊಂಡಳು.

ಸಂಜೆಯಾದರೆ ಊರಿಗೆ ಊರೇ ನದಿಯ ಪಕ್ಕದ ಬೀದಿಗೆ ಬರುತ್ತಿತ್ತು. ಯಾರಿಗೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಜ್ಜಿಯರು ತೋಳು ಹಿಡಿದುಕೊಂಡು ಬೀದಿಯ ಆ ತುದಿಯವರೆಗೆ ಹೋಗಿ, ಈ ತುದಿಗೆ ಬಂದು, ಮತ್ತೆ ಹೋಗುತ್ತಿದ್ದರು. ಧಾರವಾಡದಲ್ಲಿ ತಮ್ಮ ತಂದೆಯೂ ಹೀಗೆಯೇ ಸಂಜೆ ಅಡ್ಡಾಡಲು ಹೊರಡುತ್ತಿದ್ದರು, ಜೀವನದಲ್ಲಿ ಒಂದು ಸೈಕಲ್ಲೂ ಇರಲಿಲ್ಲ ಎಂದು ಇವರು ನೆನೆಸಿಕೊಂಡರು. ನಾನು ಅವರ ತೋಳು ಹಿಡಿದೆ. ಪಿನ್ನರ್ ಹೈಸ್ಟ್ರೀಟಿನಲ್ಲಾದರೆ ಕೊಡವಿಕೊಳ್ಳುತ್ತಿದ್ದರು.

ಕೊನೆಯ ಸಂಜೆ ಕೋಟೆಗೋಡೆಯ ಮೇಲೆ ನಡೆದೆವು. ಕೆಳಗೆ ಹೆಂಚಿನ ಮಾಡುಗಳು, ದೂರದಲ್ಲಿ ಇನ್ನೂ ಹಿಮ ಹೊತ್ತ ಬೆಟ್ಟಗಳು ಕಾಣುತ್ತಿದ್ದವು. ಅಲ್ಲಿ ಇವರ ಮೊಬೈಲ್ ಬಡಿದುಕೊಂಡಿತು. ಹ್ಯಾರೋದ ಗೆಳೆಯರೊಬ್ಬರು, ಆ ಸಲ ಡ್ಯೂಟಿಯಿದ್ದುದರಿಂದ ಅವರೂ ದಿಬ್ಬಣ ತಪ್ಪಿಸಿಕೊಂಡಿದ್ದರು. ಭಾನುವಾರ ಅವರ ಅತ್ತೆ ಮೈಸೂರಿನಿಂದ ಬರುತ್ತಿದ್ದಾರೆ, ಅವತ್ತೂ ತಮಗೆ ಆಸ್ಪತ್ರೆ ಬಿಡಲಾಗುವುದಿಲ್ಲ, ಹೀಥ್ರೋಗೆ ಹೋಗಿಬರುತ್ತೀರಾ ಎಂದು ಕೇಳುತ್ತಿದ್ದರು. ಅವರ ದನಿ ನನಗೂ ಕೇಳುವಷ್ಟು ದೊಡ್ಡದು.

ಈಗ ಕ್ಲಚ್ಚೋ, ಬೆನ್ನೋ ಎಂದು ಕಾದೆ. ಆ ಒಂದು ಸುಳ್ಳಿನಿಂದ ಐದು ದಿನದ ನಗು ಮುಗಿದು, ಮತ್ತೆ ಸೋಫಾ ಶುರುವಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೆಳೆಯರ ಜೊತೆ ಇವರು ಯಾವತ್ತೂ ಬೆಂಗಳೂರಿನ ಕನ್ನಡ ಮಾತಾಡುವವರು. ಅಂದು ಬಾಯಿಗೆ ಧಾರವಾಡದ ಮನೆಮಾತು ಬಂತು.

‘ಇಲ್ರಿ, ನಾ ಈಗ ಗಾಡಿ ಹೊಡ್ಯಂಗಿಲ್ಲ. ಜನವರಿಯೊಳಗ ನನಗ ಫಿಟ್ಸ್ ಬಂದಿತ್ತು. ಲೈಸೆನ್ಸ್ ವಾಪಸ್ ಕೊಟ್ಟೀನಿ. ನಿಮಗ ಹೇಳ್ಲಿಕ್ಕೆ ನಾಚಿಕಿ ಬಂತು.’

ಆ ಕಡೆಯಿಂದ ಗೆಳೆಯರು ಏನೋ ಮೆತ್ತಗೆ ಹೇಳಿದರು, ನನಗೆ ಕೇಳಿಸಲಿಲ್ಲ. ಇವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

‘ಬ್ಯಾಡ್ರಿ, ಟ್ಯಾಕ್ಸಿ ಯಾಕ? ನಾನೇ ಹೋಗ್ತೀನಿ. ಹೀಥ್ರೋದಿಂದ ಹ್ಯಾರೋಕ್ಕ ಕೆಂಪು ಬಸ್ ಅದ. ಮ್ಯಾಲೆ ಮುಂದಿನ ಸೀಟಿನಾಗ ಕೂಡಸ್ಕೊಂಡು ಬರ್ತೀನಿ. ನಿಮ್ಮ ಅತ್ತಿಯವರಿಗೆ ಲಂಡನ್ ಛಲೋ ಕಾಣ್ತದ.’

ಫೋನ್ ಇಟ್ಟಾಗ ಮಗಳು ಯಾರೂ ಹೇಳದೆ ಹೋಗಿ ಅಪ್ಪನಿಗೆ ಒರಗಿ ನಿಂತಳು. ಈಗಲೂ ಧಾರಾಳವಾಗಿ ಹೇಳುತ್ತೇನೆ, ಆ ಗಳಿಗೆಯಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಸಾಕು, ಬನ್ನಿ, ಊಟಕ್ಕೆ ಹೋಗೋಣ ಎಂದೆ. ಇವರು ಕದಲಲಿಲ್ಲ. ಗೋಡೆಯ ಮೇಲೆ ಆರಾಮಾಗಿ ಕೂತು, ಯಾರೂ ಕೇಳದಿದ್ದರೂ, ಕಡಲ ದಂಡೆಯಲ್ಲಿದ್ದ ದಿಬ್ಬಣದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ಪ್ರತಿಯೊಬ್ಬರಿಗೂ ಫಿಟ್ಸಿನ ಕಥೆ ಮೊದಲಿನಿಂದ ಹೇಳಿದರು. ಒಂದೊಂದು ಸಲ ಹೇಳಿದಾಗಲೂ ಕಥೆ ಚಿಕ್ಕದಾಗುತ್ತಾ, ನಗು ಜಾಸ್ತಿಯಾಗುತ್ತಾ ಹೋಯಿತು. ನಾನೂ ಮಗಳೂ ಹಸಿದುಕೊಂಡು ಪಕ್ಕದಲ್ಲಿ ಕೂತೆವು. ಕೊನೆಯವರು ಕಾರಿಲ್ಲದೆ ಅಲ್ಲಿಗೆ ಹೇಗೆ ಹೋದಿರಿ ಎಂದು ಕೇಳಿರಬೇಕು.

‘ಹೆಂಗ ಅಂದ್ರ? ನಡಕೋತ ಬಂದೇವಿ’ ಎಂದರು ಇವರು, ಹೊಸ ಕಾರು ಕೊಂಡವರ ಜಂಬದಲ್ಲಿ.