ಅಮ್ಮನಿಂದ ಬಂದದ್ದು

ಇವತ್ತು ಬೆಳಿಗ್ಗೆ ಉಡುಪಿಯಲ್ಲಿ ಕಾಪು ಕಡೆಯ ಬಸ್ಸು ಹತ್ತಿದಾಗ ಪಕ್ಕದಲ್ಲಿ ಕೂತ ಹೆಂಗಸಿನ ಮಡಿಲಲ್ಲಿ ಬಾಳೆಲೆ ಸುತ್ತಿದ ಶಂಕರಪುರ ಮಲ್ಲಿಗೆ ಇತ್ತು. ಆ ಪರಿಮಳಕ್ಕೆ ಫ್ಲಾವಿಯಾ ನೆನಪಾದಳು. ಶಂಕರಪುರದ ಹುಡುಗಿ, ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ವೈರಸ್ಸುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಗ ನನ್ನ ಜೊತೆ ಒಂದೇ ಬಾಡಿಗೆ ಕೋಣೆಯಲ್ಲಿದ್ದವಳು. ಊಟದ ಹೊತ್ತಿಗೂ ಅವಳಿಗೆ ಜೀವಕೋಶದೊಳಗೆ ಕೂತು ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ್ದೇ ಮಾತು. ನನಗೋ, ಶಾಲೆಯಲ್ಲಿ ಅದರ ಚಿತ್ರ ಬರೆದು, "ಇದೆಂತ, ಚಪ್ಪಲಿಯಾ?" ಎಂದು ಟೀಚರಿಂದ ಕೇಳಿಸಿಕೊಂಡಷ್ಟೇ ಪರಿಚಯ.

ಆ ಮಳೆಗಾಲ ನನಗೆ ಡೆಂಗ್ಯೂ ಬಂತು. ನಿಮಗೂ ಬಂದಿದ್ದರೆ ಗೊತ್ತು, ಮೂಳೆಗಳನ್ನೆಲ್ಲ ಯಾರೋ ಬಿಚ್ಚಿಟ್ಟ ಹಾಗಾಗುತ್ತದೆ. ಕಾಪುವಿನಿಂದ ಓಡಿ ಬಂದ ಅಪ್ಪ ಆಸ್ಪತ್ರೆಯ ಮಂಚದ ಪಕ್ಕ ಕೂತು ನನ್ನ ಕಾಲು ಒತ್ತಿದರು. ನಾನು ಕೈಗೂಸಾಗಿದ್ದಾಗ ಅಮ್ಮ ತೀರಿಕೊಂಡದ್ದೂ ಜ್ವರದಲ್ಲೇ. ಅಂದಿನಿಂದ ಅಪ್ಪ ಅವಳ ಹೆಸರೆತ್ತಿದವರಲ್ಲ, ನಾನು ಕೇಳಿದವಳೂ ಅಲ್ಲ.

ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದು ಡಾಕ್ಟರು ಹೇಳಿ ಹೋದ ಮೇಲೆ ನನಗೆ ಅಳುವೇ ಬಂತು. "ನನಗೂ ಅಮ್ಮನ ಹಾಗೇ ಆಗ್ತದೆ, ಅಲ್ವಾ?" ಎಂದೆ.

ಮಂಚದ ಇನ್ನೊಂದು ಬದಿಯಲ್ಲಿದ್ದ ಫ್ಲಾವಿಯಾ ಗದರಿದಳು. "ಸುಮ್ಮನಿರು ಮಾರಾಯ್ತಿ. ವೈರಸ್ ಜೀವಕೋಶದ ಒಳಗೆ ಹೊಕ್ಕ ಕೂಡಲೇ ಮೈಟೊಕಾಂಡ್ರಿಯದ ಹೊರಗೋಡೆಯಲ್ಲಿರುವ ಒಂದು ಪ್ರೋಟೀನು ಎಚ್ಚರಿಕೆಯ ಗಂಟೆ ಹೊಡೆಯುತ್ತದೆ. ಆಗ ಇಂಟರ್‌ಫೆರಾನ್ ಎಂಬ ಕಾವಲಿನ ಪ್ರೋಟೀನು ಹುಟ್ಟಿ ಅಕ್ಕಪಕ್ಕದ ಕೋಶಗಳಿಗೂ ಸುದ್ದಿ ಮುಟ್ಟುತ್ತದೆ. ನಿನ್ನ ಮೈ ಹೋರಾಡ್ತಾ ಉಂಟು. ಆ ಗಂಟೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದದ್ದು. ಆದರೆ ಗಂಟೆ ಕಟ್ಟಿದ ಮನೆ ಉಂಟಲ್ಲ, ಮೈಟೊಕಾಂಡ್ರಿಯ, ಅದು ಬರುವುದು ಅಮ್ಮನಿಂದ ಮಾತ್ರ."

ಕಾಲು ಒತ್ತುತ್ತಿದ್ದ ಅಪ್ಪನ ಕೈ ನಿಂತಿತು. "ಅಪ್ಪನದ್ದು ಬರುವುದಿಲ್ವಾ?"

"ಇಲ್ಲ ಅಂಕಲ್."

"ಹಾಗಾದರೆ ಅವಳು ಇವಳೊಳಗೆ ಈಗಲೂ ಇದ್ದಾಳೆ ಅಂತಾಯ್ತು."

"ಇದ್ದಾರೆ ಅಂಕಲ್. ಕೆಲಸ ಮಾಡ್ತಾ ಇದ್ದಾರೆ."

ಅಪ್ಪ ಕಿಟಕಿಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ, "ಅವಳದ್ದೂ ಹೀಗೆಯೇ. ಜ್ವರದಲ್ಲಿ ಗಂಜಿ ಕೊಟ್ಟರೆ ಮುಖ ತಿರುಗಿಸುವುದು" ಎಂದರು. ಅಮ್ಮನ ಬಗ್ಗೆ ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ಮರುದಿನ ಇನ್ನೊಂದು ಬಂತು, ಮತ್ತೆ ಮತ್ತೊಂದು. ಜ್ವರ ಬಿಟ್ಟು ಮನೆಗೆ ಹೊರಟಾಗ ನನಗೂ ಒಬ್ಬ ಅಮ್ಮನಿದ್ದಳು: ಕಾರ್ಕಳದ ತವರಿಗೆ ಹೋಗುವಾಗಲೆಲ್ಲ ಬಸ್ಸಿನಲ್ಲಿ ವಾಂತಿ ಮಾಡುವವಳು, ರಾಗ ಬಾರದಿದ್ದರೂ ಗಟ್ಟಿಯಾಗಿ ಹಾಡುವವಳು.

ಫ್ಲಾವಿಯಾ ಈಗ ಬೇರೆ ಊರಿನಲ್ಲಿದ್ದಾಳೆ. ನಾನು ಕಾಪುವಿನಲ್ಲಿ ಇಳಿದು ಮನೆಗೆ ನಡೆದೆ. ಅಪ್ಪ ಈವರೆಗೆ ಹೇಳಿದ್ದೆಲ್ಲ ಅಮ್ಮನ ನಗು ತರಿಸುವ ಸುದ್ದಿಗಳೇ. ಅಪ್ಪ ಮತ್ತೆ ಬಾಯಿ ಮುಚ್ಚಿಬಿಟ್ಟಾರು ಎಂದು ಅದರಾಚೆ ಕೇಳಲು ನನಗೆ ಧೈರ್ಯವಿರಲಿಲ್ಲ. ಇವತ್ತು ಕೇಳಿಯೇಬಿಟ್ಟೆ: "ಅಮ್ಮನಿಗೆ ಸಿಟ್ಟು ಬರ್ತಿತ್ತಾ ಅಪ್ಪ?"

ಅಪ್ಪ ಜೋರಾಗಿ ನಕ್ಕು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. "ಎಂತ ಕೇಳ್ತೀ ಮಾರಾಯ್ತಿ! ಕೂತುಕೋ, ಹೇಳ್ತೇನೆ."