ಲಾರಿ ವಾಪಸ್ ಬಂದ ಕಥೆ

ಕಾರ್ಖಾನೆಯ ಮಾಲೀಕರಾದ ದೊಡ್ಡ ಸಾರ್ ಲಾರಿ ವಾಪಸ್ ತರಿಸಿದ ಕಥೆಯನ್ನು ನಾನು ನಾಲ್ಕು ಸಲ ಕೇಳಿದ್ದೇನೆ. ಮೊದಲ ಸಲ ಲಾರಿ ಕಾರ್ಖಾನೆಯ ಗೇಟು ದಾಟುತ್ತಿತ್ತು. ಎರಡನೆಯ ಸಲ ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿತ್ತು. ರಾಜಾಜಿನಗರದ ಸನ್ಮಾನ ಸಮಾರಂಭದ ಹೊತ್ತಿಗೆ ತುಮಕೂರು ರಸ್ತೆ ಹಿಡಿದಾಗಿತ್ತು. ಕೇಳುವವರು ಹೆಚ್ಚಾದಷ್ಟೂ ಲಾರಿ ದೂರ ಹೋಗುತ್ತದೆ. ಶಾಲೆ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಎದುರಾಳಿಯ ಉದಾಹರಣೆ ಹೀಗೆ ಜಾಗ ಬದಲಿಸತೊಡಗಿದರೆ ಅದರ ಕೆಳಗೆ ಗೀಟು ಹಾಕಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ.

ಎಲ್ಲರಿಗೂ ಗೊತ್ತಿರುವ ಕಥೆ ಇಷ್ಟು. ಸ್ಕೂಟರಿನ ಬ್ರೇಕಿಗೆ ಹೋಗುವ ಉಕ್ಕಿನ ಪಿನ್ನುಗಳು ಕಾಮಾಕ್ಷಿಪಾಳ್ಯದ ಅವರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಒಂದು ಸಲ ಅವು ಕಾಸಿ ತಣಿಸುವಾಗ ಸರಿಯಾಗಿ ಹದವಾಗದೆ ಮೆತ್ತಗೆ ಉಳಿದವು. ತಪಾಸಣೆಯವರ ಕಣ್ಣು ತಪ್ಪಿ ಮಾಲು ಲಾರಿ ಹತ್ತಿತು. ದೊಡ್ಡ ಸಾರ್ ತಾವೇ ಪತ್ತೆ ಹಚ್ಚಿ, ತಾವೇ ಬೆನ್ನಟ್ಟಿ, ಲಾರಿ ತಿರುಗಿಸಿ ತಂದರು. ನಷ್ಟ ಅವರದು, ಬದುಕಿಕೊಂಡ ಜೀವಗಳು ಯಾರವೋ. ಚಪ್ಪಾಳೆ.

ಆ ತಪಾಸಣೆಯವರು ನಮ್ಮ ಅಪ್ಪ.

ಇದು ನನಗೆ ಗೊತ್ತಾದದ್ದು ಕಳೆದ ವರ್ಷ; ಅಲ್ಲಿಯವರೆಗೆ ಅಪ್ಪ ಆ ಕಾರ್ಖಾನೆಯ ಸ್ಟೋರ್ಸಿನಲ್ಲಿ ಸಾಮಾನಿನ ಲೆಕ್ಕ ಇಡುತ್ತಿದ್ದವರೆಂದಷ್ಟೇ ತಿಳಿದಿದ್ದೆ. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಬಹುಮಾನ ಕೊಡಲು ಬಂದಿದ್ದ ದೊಡ್ಡ ಸಾರ್, ನಾನು ಯಾರ ಮಗಳೆಂದು ತಿಳಿದು ಬೆನ್ನು ತಟ್ಟಿದರು. "ನಮ್ಮ ಸ್ಟೋರ್ಸಿನವರ ಮಗಳಾ! ನೋಡಮ್ಮ, ನಾನೊಂದು ಪುಸ್ತಕ ಮಾಡ್ತಾ ಇದೀನಿ. ನಾನು ಹೇಳ್ತೀನಿ, ನೀನು ಒಳ್ಳೆ ಕನ್ನಡದಲ್ಲಿ ಬರಿ," ಎಂದರು. ಒಪ್ಪಿಕೊಂಡೆ. ಅಷ್ಟು ದೊಡ್ಡವರು ಕರೆದು ಕೆಲಸ ಕೊಟ್ಟರೆ ಯಾಕೆಂದು ಕೇಳುವಷ್ಟು ಸಂಶಯ ಆಗ ನನ್ನಲ್ಲೂ ಇರಲಿಲ್ಲ.

ಪ್ರತಿ ಶನಿವಾರ ಬೆಳಿಗ್ಗೆ ನಮ್ಮ ಹೇರೋಹಳ್ಳಿಯ ರಸ್ತೆಗುಂಡಿಗಳಲ್ಲಿ ಎದ್ದು ಬಿದ್ದು ಬಸ್ ಹಿಡಿದು ಬಸವೇಶ್ವರನಗರದ ಅವರ ಮನೆಗೆ ಹೋಗುತ್ತಿದ್ದೆ. ವಿಭೂತಿ ಧರಿಸಿ, ಬಿಳಿ ಅಂಗಿ ತೊಟ್ಟು, ಮಹಡಿಯ ಕೋಣೆಯಲ್ಲಿ ಕೂತು ಹೇಳುತ್ತಿದ್ದರು. ಯಶಸ್ಸು ಎಂದರೆ ರಾತ್ರಿ ನಿದ್ದೆ ಬರುವುದು. ನಾಯಕನಾದವನು ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳಬೇಕು, ಹೊಗಳಿಕೆಯನ್ನು ಕೆಲಸಗಾರರಿಗೆ ಬಿಟ್ಟುಕೊಡಬೇಕು. ಮೊಮ್ಮಕ್ಕಳಿಗೆ ಕಟ್ಟಡ ಬಿಟ್ಟು ಹೋಗುವುದು ಸುಲಭ, ನಡತೆ ಬಿಟ್ಟು ಹೋಗುವುದು ಕಷ್ಟ. ಮಾತು ಚೆನ್ನಾಗಿತ್ತು, ನಾನು ಇನ್ನಷ್ಟು ಚೆನ್ನಾಗಿ ಬರೆದೆ. ಬರೆಯುವಾಗ ಎರಡು ಮೂರು ಕಡೆ ನಂಬಿಯೂ ಬಿಟ್ಟೆ.

ಲಾರಿಯ ಅಧ್ಯಾಯ ಬಂದ ದಿನ ಅವರು ಹೊಸದೊಂದು ವಿವರ ಸೇರಿಸಿದರು. ಗಡಸುತನ ಅಳೆಯುವ ಯಂತ್ರ ರಿಪೇರಿಗೆ ಹೋಗಿತ್ತಂತೆ. ಇವರು ಕಬ್ಬಿಣ ಉಜ್ಜುವ ಅರವನ್ನು ಕೈಗೆತ್ತಿಕೊಂಡು ಒಂದು ಪಿನ್ನಿನ ಮೇಲೆ ಎಳೆದರಂತೆ. "ಅರ ಸುಮ್ನೆ ಜಾರಿಬಿಡ್ತಮ್ಮ. ಅಲ್ಲೇ ಗೊತ್ತಾಯ್ತು ನನಗೆ, ಪಿನ್ನು ಮೆತ್ತಗಿದೆ ಅಂತ."

ಹಾಗೆಯೇ ಬರೆದುಕೊಂಡೆ. ಸಂಜೆ ಮನೆಯಲ್ಲಿ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅರ ಜಾರಿತು ಎನ್ನುವಲ್ಲಿ ಅವರಿಗೆ ನಗು ಬಂತು. ತಪಾಸಣೆಯವರ ಕಣ್ಣು ತಪ್ಪಿತ್ತು ಎನ್ನುವಲ್ಲಿ ಕೈ ನಿಂತಿತು. ಆ ಸಾಲು ಇನ್ನೊಂದು ಸಲ ಓದು ಎಂದರು. ಓದಿದೆ. ಮತ್ತೆ ಕಾಯಿ ಸುಲಿಯತೊಡಗಿದರು.

ನಾನು ಬಿಡಲಿಲ್ಲ. ಗೋಗರೆದು, ಕೆಣಕಿ, ಕೊನೆಗೆ ಬೈದು ಬಾಯಿ ಬಿಡಿಸಿದೆ. ಆ ದಿನಗಳಲ್ಲಿ ಅಪ್ಪ ಸ್ಟೋರ್ಸಿನಲ್ಲಿರಲಿಲ್ಲ, ತಪಾಸಣೆಯಲ್ಲಿದ್ದರು. ಹದ ಮಾಡಲು ಹೊರಗೆ ಕೊಟ್ಟಿದ್ದ ಪಿನ್ನು ವಾಪಸ್ ಬಂದಾಗ ಅರ ಹಾಕಿ ನೋಡಿದವರು ಅವರು. ಮಾಲು ಬೇಡವೆಂದು ಕೆಂಪು ಚೀಟಿ ಕಟ್ಟಿದವರೂ ಅವರೇ. ಸಂಜೆಯ ಹೊತ್ತಿಗೆ ಚೀಟಿ ಇರಲಿಲ್ಲ, ಮಾಲು ಲಾರಿಯಲ್ಲಿತ್ತು. ಅಪ್ಪ ಅರವನ್ನೂ ಎರಡು ಪಿನ್ನನ್ನೂ ಹಿಡಿದು ಕಾರ್ಖಾನೆಯ ಮಹಡಿಯ ಆಫೀಸಿಗೆ ಹತ್ತಿ ಹೇಳಿದರು. ದೊಡ್ಡ ಸಾರ್ ನಾಳೆ ನೋಡೋಣ ಎಂದರು. ಬೆಳಿಗ್ಗೆ ಲಾರಿ ಹೊರಟೇಹೋಯಿತು. ಮಧ್ಯಾಹ್ನ ವಾಪಸ್ ಬಂತು. ಮುಂದಿನ ವಾರ ಅಪ್ಪನನ್ನು ಸ್ಟೋರ್ಸಿಗೆ ಹಾಕಿದರು; ನಿವೃತ್ತಿಯವರೆಗೂ ಅಲ್ಲೇ ಇದ್ದರು. ತಪಾಸಣೆಯವನು ಮೈಮರೆತಿದ್ದ ಎಂಬ ಮಾತು ಅಕ್ಕಪಕ್ಕದ ಶೆಡ್ಡುಗಳಲ್ಲೂ ಹರಡಿತ್ತು. ಬೇರೆಡೆ ಕೆಲಸ ಕೇಳಿದಾಗ ಇಬ್ಬರು ಅದನ್ನೇ ಎತ್ತಿ ಆಡಿ ಕಳಿಸಿದ್ದರು.

"ಚೀಟಿ ಕಿತ್ತಿದ್ದು ಯಾರಪ್ಪ?"

"ನಾನು ನೋಡ್ಲಿಲ್ಲ ಕಣೇ. ನೋಡದೇ ಇರೋದನ್ನ ಹೆಂಗೆ ಹೇಳ್ಲಿ? ಕೊನೆಗೆ ತಿರುಗಿಸಿದ್ದು ಅವರೇ ತಾನೆ. ಆ ಪಿನ್ನು ಯಾರ ಗಾಡಿಗೂ ಹೋಗ್ಲಿಲ್ಲ. ಬಿಡು."

ನ್ಯಾಯವಾಗಿ ನೋಡಿದರೆ ಅಪ್ಪನೂ ಒಂದು ಪಕ್ಷದ ಸಾಕ್ಷಿ. ಇಷ್ಟು ವರ್ಷ ಬಾಯಿ ಬಿಡದವರು ಈಗ ಹೇಳಿದ್ದನ್ನು ಮಗಳೆಂಬ ಕಾರಣಕ್ಕೆ ಒಪ್ಪಿಕೊಂಡರೆ ನಾನು ಕಲಿತದ್ದು ಏನು? ಅವರ ಹಳೆಯ ಡಬ್ಬಿಯಿಂದ ಅರ ತೆಗೆಸಿದೆ. ಮೊದಲು ಒಂದು ಸಾದಾ ಮೊಳೆಯ ಮೇಲೆ ಎಳೆದೆ. ಅರ ಕಚ್ಚಿತು, ಕರಕರ ಎಂದು ಬೆರಳಿಗೆ ತಗುಲಿತು, ಪುಡಿ ಉದುರಿತು. ಆಮೇಲೆ ಹದವಾದ ಪಿನ್ನೊಂದನ್ನು ಕೊಟ್ಟರು. ಗಾಜಿನ ಮೇಲೆ ಎಳೆದಂತೆ ಜಾರಿಹೋಯಿತು. ಜಾರಿದರೆ ಮಾಲು ಗಟ್ಟಿ, ಕಚ್ಚಿದರೆ ಮೆತ್ತಗೆ. ಒಂದೇ ಒಂದು ಸಲ ಅರ ಹಿಡಿದ ಕೈಗೆ ಈ ಎರಡು ಅದಲುಬದಲಾಗಲು ಸಾಧ್ಯವಿಲ್ಲ. ನನಗೇ ಇನ್ನು ಆಗುವುದಿಲ್ಲ.

ಆ ವಾರವೆಲ್ಲ ನನ್ನ ಸಂಶಯ ಹಿಂದಕ್ಕೂ ಹರಿಯಿತು. ಕನ್ನಡ ಬರೆಯುವವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಸ್ಟೋರ್ಸಿನವರ ಮಗಳೇ ಯಾಕೆ ಬೇಕಾಯಿತು? ಮಗಳೇ ಬರೆದ ಮೇಲೆ ಅಪ್ಪ ತಕರಾರು ತೆಗೆಯಲಾರ ಎಂದೇ? ಅಥವಾ ಅವರಿಗೆ ನಿಜವಾಗಿಯೂ ಮರೆತುಹೋಗಿ, ತಮ್ಮ ಕಥೆಯನ್ನು ತಾವೇ ನಂಬಿಬಿಟ್ಟಿದ್ದಾರೆಯೇ? ಎರಡರಲ್ಲಿ ಯಾವುದು ಕೆಟ್ಟದ್ದೆಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಲಾರಿ ತಿರುಗಿಸಿದ್ದು ಒಳ್ಳೆಯ ಕೆಲಸ, ಅದರಲ್ಲಿ ವಾದವಿಲ್ಲ. ಅದೊಂದೇ ಸಾಲದೆ ಅರವೂ ಅವರಿಗೇ ಬೇಕಾಯಿತಲ್ಲ ಎನ್ನುವುದು ನನ್ನ ವಾದ.

ಮುಂದಿನ ಶನಿವಾರ ಪುಟಗಳನ್ನು ಅವರ ಮುಂದಿಟ್ಟು, ಒಂದು ತಾಂತ್ರಿಕ ತಪ್ಪಿದೆ ಎಂದೆ. ಮೆತ್ತಗಿನ ಪಿನ್ನಿನ ಮೇಲೆ ಅರ ಜಾರುವುದಿಲ್ಲ, ಕಚ್ಚುತ್ತದೆ. ಅವರ ಮುಖ ನೋಡಿದೆ. ಅಲ್ಲಿ ಏನೂ ಕದಲಲಿಲ್ಲ.

"ಹೌದಾ? ಒಳ್ಳೇದಾಯ್ತು ಹೇಳಿದ್ದು. ಓದಿದವರು ನಗ್ತಿದ್ರು," ಎಂದರು. ಜಾರಿತು ಎನ್ನುವುದನ್ನು ತಾವೇ ಹೊಡೆದು, ಮೇಲೆ ಕಚ್ಚಿತು ಎಂದು ದುಂಡಗೆ ಬರೆದರು. ತಪಾಸಣೆಯವರ ಸಾಲು ಹಾಗೇ ಉಳಿಯಿತು. ಅವರ ಕಥೆಯಲ್ಲಿದ್ದ ಒಂದೇ ಒಂದು ತೂತನ್ನು ನಮ್ಮಪ್ಪನ ಅರದಿಂದ ನಾನೇ ಮುಚ್ಚಿಕೊಟ್ಟಿದ್ದೆ.

ಅವರು ಪುಟ ಮಗುಚಿದರು. ಮನೆಗೆಲಸದಾಕೆ ಕಾಫಿ ತಂದಿಟ್ಟು ಹೋದರು. ನಾನು ಪುಟವನ್ನು ಹಿಂದಕ್ಕೆ ತಿರುಗಿಸಿ, ತಪಾಸಣೆಯವರ ಸಾಲಿನ ಮೇಲೆ ಬೆರಳಿಟ್ಟೆ. ಅವರು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸತೊಡಗಿದರು.

"ಸಾರ್, ಲಾರಿ ಹೊರಡೋ ಹಿಂದಿನ ದಿನ ಸಂಜೆ ಎರಡು ಪಿನ್ನು ಹಿಡ್ಕೊಂಡು ನಿಮ್ಮ ಆಫೀಸಿನ ಮಹಡಿ ಹತ್ತಿ ಬಂದಿದ್ದು ಯಾರು?"